ಆಪರೇಷನ್ ಕೋಣೆಯ ಬಾಗಿಲ ಹೊರಗೆ: ದಿನ ಗೊತ್ತುಮಾಡಿದ ಸಿಜೇರಿಯನ್ ಮತ್ತು ಜತೆಗಾರರ ಆತಂಕ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಲೆಕ್ಕದಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, ಶೇ. 31.5ರಷ್ಟು ಸಿಜೇರಿಯನ್ ಮೂಲಕ ಆಗುತ್ತಿದ್ದವು. ಅದರ ಹಿಂದಿನ ಸುತ್ತಿನಲ್ಲಿ (2015–16) ಈ ಎರಡನೆಯ ಅಂಕಿ 23.6 ಇತ್ತು. ಇಡೀ ದೇಶದ ಸರಾಸರಿಯೂ ಅದೇ ಅವಧಿಯಲ್ಲಿ ಶೇ. 17.2ರಿಂದ 21.5ಕ್ಕೆ ಏರಿತು, ಖಾಸಗಿ ಆಸ್ಪತ್ರೆಗಳಲ್ಲಿ ಅದು 47.4, ಸರಕಾರಿ ಆಸ್ಪತ್ರೆಗಳಲ್ಲಿ 14.3. ಇಷ್ಟೆಲ್ಲ ಸಿಜೇರಿಯನ್ ನಿಜವಾಗಿಯೂ ಬೇಕಿತ್ತೇ ಎಂಬ ಚರ್ಚೆ ಬಹಳ ದಿನಗಳಿಂದ ನಡೆದಿದೆ, ನಡೆಯಬೇಕಾದದ್ದೂ ಹೌದು. ಆದರೆ ಅದೇ ಅಂಕಿಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. ರಾಜ್ಯದಲ್ಲಿ ಹೆಚ್ಚುಕಡಿಮೆ ಮೂರು ಹೆರಿಗೆಗೆ ಒಂದರಂತೆ, ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಯಾರೋ ಒಬ್ಬರು ಕೈ ಹಿಸುಕಿಕೊಳ್ಳುತ್ತ ನಿಂತಿರುತ್ತಾರೆ. ಅವರ ಆತಂಕದ ಲೆಕ್ಕವನ್ನು ನಮ್ಮ ಆಸ್ಪತ್ರೆಗಳು ಇಡುವುದಿಲ್ಲ.

ತುರ್ತು ಸಿಜೇರಿಯನ್ನಿಗೂ ಮೊದಲೇ ದಿನ ಗೊತ್ತುಮಾಡಿದ ಸಿಜೇರಿಯನ್ನಿಗೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ. ತುರ್ತಿನಲ್ಲಿ ಯೋಚನೆಗೆ ಪುರಸೊತ್ತೇ ಸಿಗುವುದಿಲ್ಲ. ಕೂಸಿನ ಎದೆಬಡಿತ ಇಳಿಯಿತು ಎಂದು ಹೇಳುವುದು, ಕಾಗದಕ್ಕೆ ಸಹಿ ಪಡೆಯುವುದು, ಒಳಗೆ ಕರೆದೊಯ್ಯುವುದು ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ದಿನ ಗೊತ್ತಾದದ್ದರ ಕತೆ ಬೇರೆ. ಹಿಂದಿನ ಹೆರಿಗೆ ಸಿಜೇರಿಯನ್ ಆಗಿದೆ ಎಂದೋ, ಕೂಸಿನ ಕಾಲು ಕೆಳಗಿದೆ ಎಂದೋ, ಅವಳಿ ಕೂಸುಗಳ ಸ್ಥಿತಿ ಸರಿಯಿಲ್ಲವೆಂದೋ ವೈದ್ಯರು ಒಂದು ತಾರೀಖು ಹೇಳುತ್ತಾರೆ. ಬೇರೆ ತೊಡಕುಗಳಿಲ್ಲದಿದ್ದರೆ ಅದು ಸಾಮಾನ್ಯವಾಗಿ 39 ವಾರ ತುಂಬಿದ ಮೇಲಿನ ದಿನವಾಗಿರುತ್ತದೆ. ‘ಡಾಕ್ಟ್ರು ಡೇಟ್ ಕೊಟ್ಟಾರ್ರಿ’ ಎಂಬ ಮಾತು ಮನೆಗೆ ಬಂದ ಗಳಿಗೆಯಿಂದ ಆ ದಿನದವರೆಗೆ ಮನೆಯವರೆಲ್ಲ ಆ ತಾರೀಖಿನ ಸುತ್ತಲೇ ಬದುಕುತ್ತಾರೆ. ನನ್ನ ವಾದ ಇಷ್ಟೆ: ಈ ದಿನಗಳಲ್ಲಿ ಬೆಳೆಯುವ ಭಯದ ಬಹುಪಾಲು ಶಸ್ತ್ರಕ್ರಿಯೆಯ ಅಪಾಯದಿಂದ ಹುಟ್ಟಿದ್ದಲ್ಲ, ಏನು ನಡೆಯಲಿದೆ ಎಂದು ಯಾರೂ ಹೇಳದೆ ಇರುವುದರಿಂದ ಹುಟ್ಟಿದ್ದು. ತಾರೀಖು ಮೊದಲೇ ಗೊತ್ತಿರುವುದರಿಂದ ಹೇಳಲು ಬೇಕಾದಷ್ಟು ಸಮಯವೂ ಇರುತ್ತದೆ. ಆ ಸಮಯವನ್ನು ನಾವು ವ್ಯರ್ಥವಾಗಿ ಕಳೆಯುತ್ತಿದ್ದೇವೆ.

ಮೊದಲು, ಜತೆಗಾರರು ಎಂದರೆ ಯಾರು ಎಂಬುದನ್ನು ನೋಡಬೇಕು. ಹೊರದೇಶಗಳ ಅಧ್ಯಯನಗಳು ಬಹುಮಟ್ಟಿಗೆ ಗಂಡನನ್ನೋ ಸಂಗಾತಿಯನ್ನೋ ಗಮನದಲ್ಲಿಟ್ಟುಕೊಂಡಿವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಾಗಿಲ್ಲ. ಇಲ್ಲಿ ಚೊಚ್ಚಲ ಹೆರಿಗೆ ತವರಿನ ಹೊಣೆ. ಕುಬಸ ಮುಗಿಸಿ ಮಗಳನ್ನು ಕರೆತಂದ ತಾಯಿಯೇ ತಪಾಸಣೆಗೆ ಓಡಾಡುತ್ತಾಳೆ, ತಾಯಿ ಕಾರ್ಡ್ ಜೋಪಾನ ಮಾಡುತ್ತಾಳೆ, ರಾತ್ರಿ ವಾರ್ಡಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಅವಳ ಭಯ ಎರಡು ಪದರಿನದು: ಮಗಳ ಜೀವದ್ದು ಒಂದು, ಹೆಚ್ಚುಕಡಿಮೆಯಾದರೆ ಬೀಗರಿಗೆ ಏನೆಂದು ಉತ್ತರ ಹೇಳಲಿ ಎಂಬುದು ಇನ್ನೊಂದು. ‘ಎರಡೂ ಜೀವ ಬ್ಯಾರೆ ಆದ್ರ ಸಾಕವಾ’ ಎಂದು ಆಕೆ ಪಕ್ಕದ ಹಾಸಿಗೆಯವಳ ಮುಂದೆ ಹೇಳುವಾಗ ಆ ಎರಡೂ ಪದರು ಒಟ್ಟಿಗೇ ಮಾತಾಡುತ್ತವೆ. ಅತ್ತೆಯ ಅಳುಕು ಬೇರೆ ಬಗೆಯದು. ತಾನು ನಾಲ್ಕು ಮಕ್ಕಳನ್ನು ಮನೆಯಲ್ಲೇ ಹೆತ್ತವಳಿಗೆ ಸೊಸೆಗೆ ಕೊಯ್ದು ಕೂಸು ತೆಗೆಯುತ್ತಾರೆ ಎಂಬುದೇ ಒಪ್ಪಿಗೆಯಾಗದ ಮಾತು. ಅದರ ಹಿಂದೆ ದುಡ್ಡಿನಾಸೆ ಇದೆಯೋ ಎಂಬ ಗುಮಾನಿ ಬೇರೆ. ಆ ಗುಮಾನಿಯನ್ನು ಪೂರ್ತಿ ತಳ್ಳಿಹಾಕಲು ಮೇಲಿನ ಖಾಸಗಿ-ಸರಕಾರಿ ಅಂಕಿಗಳ ನಡುವಿನ ಅಂತರ ನಮಗೂ ಬಿಡುವುದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಗಂಡನ ಪಾಡು ಇವರಿಬ್ಬರಿಗಿಂತ ವಿಚಿತ್ರವಾದದ್ದು. ಆತ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾನೆ, ಹಿಂದಿನ ರಾತ್ರಿಯ ಬಸ್ಸಿಗೆ ಬರುತ್ತಾನೆ. ಒಂಬತ್ತು ತಿಂಗಳ ತಪಾಸಣೆಗಳಲ್ಲಿ ಹೆಚ್ಚಿನವಕ್ಕೆ ಆತ ಇರುವುದಿಲ್ಲ, ಆದರೆ ಸಹಿ ಮಾಡುವವನು ಆತ, ಹಣ ಕಟ್ಟುವವನು ಆತ, ರಕ್ತಕ್ಕೆ ಓಡಾಡುವವನು ಆತ. ಎಲ್ಲದಕ್ಕೂ ಹೊಣೆಗಾರ, ಯಾವುದರ ತಿಳಿವಳಿಕೆಯೂ ಇಲ್ಲ. ಮನುಷ್ಯನನ್ನು ಆತಂಕಕ್ಕೆ ತಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಮೇಲಾಗಿ ಆತ ಅದನ್ನು ತೋರಿಸುವಂತಿಲ್ಲ. ಹೆಂಗಸರು ಅಳಬಹುದು, ಹರಕೆ ಹೊರಬಹುದು, ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು. ಆತ ಮಾತ್ರ ಚಹಾದಂಗಡಿಗೂ ಔಷಧ ಅಂಗಡಿಗೂ ತಿರುಗುತ್ತ, ಫೋನ್ ಮಾಡಿದವರಿಗೆಲ್ಲ ‘ಏನೂ ಆಗಂಗಿಲ್ಲ, ಆರಾಮ ಅದಾಳ’ ಎನ್ನುತ್ತಿರುತ್ತಾನೆ. ತಂದೆಯಾಗಲಿರುವ ಗಂಡಸರ ಮನಃಸ್ಥಿತಿಯ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯು, ಹೆರಿಗೆಗೆ ಮುಂಚೆ ಅವರಲ್ಲಿ ಚಿಕಿತ್ಸೆ ಬೇಕಾಗುವ ಮಟ್ಟದ ಆತಂಕ ಶೇ. 4ರಿಂದ 16ರವರೆಗೆ ಇರುತ್ತದೆ ಎಂದು ಕಂಡುಕೊಂಡಿತ್ತು. ಇದು ಕಾಯಿಲೆಯ ಲೆಕ್ಕ ಮಾತ್ರ. ಎಲ್ಲರಿಗೂ ಇರುವ ಸಾಮಾನ್ಯ ಅಳುಕು ಇದರೊಳಗೆ ಬರುವುದಿಲ್ಲ.

ಜತೆಗಾರರು ಬೇಕು ಎಂಬುದನ್ನು ಸರಕಾರ ಒಪ್ಪಿಕೊಂಡು ವರ್ಷಗಳಾದವು. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜತೆ ಒಬ್ಬ ಹೆಣ್ಣುಮಗಳು, ಅದರಲ್ಲೂ ಹೆರಿಗೆಯ ಅನುಭವವಿರುವ ಬಂಧು, ಇರಲು ಅವಕಾಶ ಮಾಡಿತು. ಮರೆಯ ವ್ಯವಸ್ಥೆ ಸರಿಯಿರುವ ಕಡೆ ಗಂಡನೂ ಇರಬಹುದು ಎಂದಿತು. 2017ರ ಡಿಸೆಂಬರಿನಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮವು ಹೆರಿಗೆ ಕೋಣೆಯ ಗುಣಮಟ್ಟದ ಭಾಗವಾಗಿ ಇದನ್ನು ಸೇರಿಸಿಕೊಂಡಿತು, ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳೂ ಇದನ್ನೇ ಹೇಳಿದವು. ಹದಿನೈದು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ 26 ಪ್ರಯೋಗಗಳ ಪರಾಮರ್ಶೆಯೊಂದು, ಹೆರಿಗೆಯುದ್ದಕ್ಕೂ ಒಬ್ಬರು ಜತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ತಾಯಿಗೆ ಆ ಅನುಭವದ ಬಗ್ಗೆ ಕಹಿ ಕಡಿಮೆಯಾಗುತ್ತದೆ ಎಂದು 2017ರಲ್ಲಿ ತೋರಿಸಿತ್ತು. ಆದರೆ ಇವೆಲ್ಲ ಮುಖ್ಯವಾಗಿ ಹೆರಿಗೆ ನೋವಿನ ಹೊತ್ತಿಗೆ ಸಂಬಂಧಿಸಿದ ಮಾತುಗಳು. ನೋವೇ ಇಲ್ಲದೆ ನೇರ ಆಪರೇಷನ್ ಕೋಣೆಗೆ ಹೋಗುವವಳ ಜತೆಗಾರರು ಈ ಏರ್ಪಾಡುಗಳ ಸಂದಿಯಲ್ಲಿ ಜಾರಿಬೀಳುತ್ತಾರೆ. ಹೆರಿಗೆ ಕೋಣೆಯ ಜತೆಗಾರ್ತಿಗೆ ಒಂದು ಸ್ಥಾನವಿದೆ, ಒಂದಿಷ್ಟು ಕೆಲಸವಿದೆ; ಬೆನ್ನು ಸವರಬಹುದು, ನೀರು ಕೊಡಬಹುದು. ಸಿಜೇರಿಯನ್ನಿನವಳ ತಾಯಿಗೆ ಇರುವುದು ಹೊರಗಿನ ಬೆಂಚು ಮಾತ್ರ.

ಭಯ ಹೆಚ್ಚಿಸುವ ಎರಡು ಗಳಿಗೆಗಳು ಶಸ್ತ್ರಕ್ರಿಯೆಗೂ ಮುಂಚೆಯೇ ಬರುತ್ತವೆ. ಒಂದು, ಸಮ್ಮತಿ ಪತ್ರದ ಸಹಿ. ಅದರಲ್ಲಿ ಅತಿ ರಕ್ತಸ್ರಾವ, ಸೋಂಕು, ಗರ್ಭಕೋಶ ತೆಗೆಯಬೇಕಾದ ಸಂದರ್ಭ, ಸಾವು, ಎಲ್ಲವೂ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಇರುತ್ತವೆ; ಯಾವುದು ಅಪರೂಪ, ಯಾವುದು ಸಾಮಾನ್ಯ ಎಂಬ ತಾರತಮ್ಯವಿರುವುದಿಲ್ಲ. ಅದನ್ನು ಓದಿ ಹೇಳುವವರೂ ಕಡಿಮೆ. ‘ಇಲ್ಲಿ ಸಹಿ ಮಾಡ್ರಿ’ ಎಂದಾಗ ಗಂಡನಿಗೆ ಅನಿಸುವುದು, ನಾಳೆ ಏನಾದರೂ ಆದರೆ ಕೇಳುವ ಹಕ್ಕನ್ನು ತಾನು ಇಂದೇ ಬರೆದುಕೊಡುತ್ತಿದ್ದೇನೆ ಎಂದು. ಇದು ತಪ್ಪು ತಿಳಿವಳಿಕೆ. ಸಮ್ಮತಿಯ ಸಹಿ ವೈದ್ಯಕೀಯ ನಿರ್ಲಕ್ಷ್ಯವನ್ನು ಮನ್ನಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರಾಯಕ್ಕೆ ಬಂದ, ಅರಿವಿರುವ ಹೆಂಗಸಿನ ದೇಹದ ಮೇಲಿನ ಚಿಕಿತ್ಸೆಗೆ ಸಮ್ಮತಿ ಕೊಡಬೇಕಾದವಳು ಆಕೆಯೇ. ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ, ತುರ್ತು ಇರದಿದ್ದ ಆ ಸಂದರ್ಭದಲ್ಲಿ, ಸಮ್ಮತಿಯೆನಿಸುವುದಿಲ್ಲ ಎಂದಿತು. ಹಾಗಿದ್ದೂ ನಮ್ಮಲ್ಲಿ ಕಾಗದ ಮೊದಲು ಹೋಗುವುದು ಗಂಡನ ಕೈಗೆ. ಬಸುರಿಗೆ ವಿವರಿಸಿ, ಆಕೆಯ ಸಹಿ ಪಡೆದು, ಗಂಡನನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡರೆ ಕಾನೂನೂ ಉಳಿಯುತ್ತದೆ, ಹೆಂಡತಿಯ ಜೀವದ ಮೇಲೆ ತಾನೊಬ್ಬನೇ ಸಹಿ ಹಾಕಿದೆ ಎಂಬ ಭಾರವೂ ಅವನ ಮೇಲಿಂದ ಇಳಿಯುತ್ತದೆ.

ಇನ್ನೊಂದು, ರಕ್ತದ ಮಾತು. ‘ಒಂದ ಬಾಟ್ಲಿ ರಕ್ತ ರೆಡಿ ಇಡ್ರಿ’ ಎಂದು ನರ್ಸ್ ಹೇಳಿದ ಕೂಡಲೇ ಊರಿಗೆ ಫೋನ್ ಹೋಗುತ್ತದೆ, ಗೆಳೆಯರು ಗಾಡಿ ಮಾಡಿಕೊಂಡು ಬರುತ್ತಾರೆ, ತಾಯಿ ಗೋಡೆಗೊರಗಿ ಕೂತುಬಿಡುತ್ತಾಳೆ. ಹೆರಿಗೆ ಶಸ್ತ್ರಕ್ರಿಯೆಗೆ ಮುಂಚೆ ರಕ್ತದ ಗುಂಪು ನೋಡಿ, ಬೇಕಾದರೆ ಸಿಗುವಂತೆ ಕಾದಿರಿಸುವುದು ಮುಂಜಾಗ್ರತೆಯ ಕ್ರಮ. ಹೆಚ್ಚಿನ ತಾಯಂದಿರಿಗೆ ಅದನ್ನು ಕೊಡುವ ಪ್ರಸಂಗವೇ ಬರುವುದಿಲ್ಲ. ಈ ಒಂದು ವಾಕ್ಯವನ್ನು ಸೇರಿಸಿ ಹೇಳಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದಲೂ ಸರಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್, ಔಷಧ, ತಪಾಸಣೆ, ರಕ್ತ, ಏಳು ದಿನದವರೆಗಿನ ಊಟ ಉಚಿತವೆಂಬುದೂ ಎಷ್ಟೋ ಮನೆಗಳಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಹಣದ ಚಿಂತೆಯೂ ಆತಂಕದ ಒಂದು ದೊಡ್ಡ ಪಾಲು ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಭಯವೂ ತಪ್ಪು ತಿಳಿವಳಿಕೆಯಿಂದಲೇ ಬಂದದ್ದು ಎನ್ನುವುದು ಅನ್ಯಾಯದ ಮಾತಾದೀತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನರಕ್ಕೆ ಹಚ್ಚುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ಸರಕಾರ ಅದರ ಬಳಕೆ ತಡೆಯಬೇಕಾಯಿತು. ಆ ಸುದ್ದಿ ನೋಡಿದ ಮೇಲೆ ಗದಗಿನ ಒಬ್ಬ ಗಂಡ ಹೆಂಡತಿಯ ಕೈಗೆ ಹಚ್ಚಿದ ಸಲಾಯಿನ್ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರೆ ಅದನ್ನು ಅಜ್ಞಾನ ಎನ್ನುವ ಅಧಿಕಾರ ಯಾರಿಗೂ ಇಲ್ಲ. ರಾಜ್ಯದ ತಾಯಂದಿರ ಮರಣ ಪ್ರಮಾಣ 2018–20ರ ಮಾದರಿ ನೋಂದಣಿ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಜನನಕ್ಕೆ 69, ದೇಶದ್ದು 97. ಹಿಂದಿನ ದಶಕಗಳಿಗೆ ಹೋಲಿಸಿದರೆ ಇದು ಬಹಳ ಇಳಿದಿದೆ, ಆದರೆ ಸೊನ್ನೆಯಾಗಿಲ್ಲ. ‘ಹೆದರಬ್ಯಾಡ್ರಿ’ ಎಂಬ ಬರಿಯ ಉಪಚಾರದ ಮಾತಿನಿಂದ ಯಾರ ಹೆದರಿಕೆಯೂ ಹೋಗದಿರುವುದಕ್ಕೆ ಇದೇ ಕಾರಣ: ಕೇಳಿಸಿಕೊಳ್ಳುವವನಿಗೆ ಅದು ಪೂರ್ತಿ ನಿಜವಲ್ಲವೆಂದು ಗೊತ್ತಿರುತ್ತದೆ.

ಹಾಗಾದರೆ ಏನನ್ನು ಹೇಳಬೇಕು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಶಸ್ತ್ರಕ್ರಿಯೆಯ ವೇಳಾಪಟ್ಟಿ. ಹೊರಗೆ ನಿಂತವರಿಗೆ ಬಾಗಿಲು ಮುಚ್ಚಿದ ಗಳಿಗೆಯಿಂದಲೇ ‘ಕೊಯ್ಯಲು ಶುರು ಮಾಡಿದರು’ ಎಂಬ ಎಣಿಕೆ. ನಿಜದಲ್ಲಿ ಒಳಗೆ ಹೋದ ಮೇಲೆ ಮೊದಲ ಅರ್ಧ ತಾಸಿನ ಹೆಚ್ಚಿನ ಭಾಗ ಸಿದ್ಧತೆಗೇ ಹೋಗುತ್ತದೆ. ರಕ್ತದೊತ್ತಡ, ನಾಡಿ, ಆಮ್ಲಜನಕ ಅಳೆಯುವ ಸಾಧನಗಳನ್ನು ಹಚ್ಚುತ್ತಾರೆ. ಸೋಂಕು ತಡೆಯುವ ಔಷಧವನ್ನು ಕೊಯ್ಯುವ ಮುಂಚೆಯೇ ನರದ ಮೂಲಕ ಕೊಡುತ್ತಾರೆ. ಆಕೆಯನ್ನು ಬಗ್ಗಿಸಿ ಕೂರಿಸಿ ಅಥವಾ ಮಗ್ಗಲಾಗಿ ಮಲಗಿಸಿ ಸೊಂಟದ ಬಳಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಮೂತ್ರದ ನಳಿಕೆ ಹಾಕುತ್ತಾರೆ. ಎದೆಯ ಕೆಳಗಿನ ಭಾಗ ಪೂರ್ತಿ ಮರಗಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ಕೊಯ್ಯಲು ಶುರುವಾದ ಮೇಲೆ ಕೂಸು ಹೊರಬರುವುದಕ್ಕೆ, ಮೊದಲ ಸಿಜೇರಿಯನ್ ಆಗಿದ್ದರೆ, ಸಾಮಾನ್ಯವಾಗಿ ಐದು ಹತ್ತು ನಿಮಿಷ ಸಾಕು. ಹಿಂದಿನ ಹೊಲಿಗೆಯ ಅಂಟು ಇದ್ದರೆ ಸ್ವಲ್ಪ ಹೆಚ್ಚು. ಆಮೇಲೆ ಮಾಸು ತೆಗೆದು, ಗರ್ಭಕೋಶ ಕುಗ್ಗುವ ಔಷಧ ಕೊಟ್ಟು, ಪದರು ಪದರಾಗಿ ಹೊಲಿಯುವುದಕ್ಕೆ ಮತ್ತೆ ಅರ್ಧ ಮುಕ್ಕಾಲು ತಾಸು ಬೇಕು.

ಎಂದರೆ ಕೂಸು ಹೊರಬರುವುದು ಶಸ್ತ್ರಕ್ರಿಯೆಯ ಆರಂಭದಲ್ಲಿ, ಮುಕ್ತಾಯದಲ್ಲಲ್ಲ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ನರ್ಸ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಬಾಗಿಲಿಗೆ ತಂದು ತೋರಿಸಿ ಒಳಗೆ ಹೋಗುತ್ತಾಳೆ. ಹತ್ತು ನಿಮಿಷ ಎಲ್ಲರ ಮುಖದಲ್ಲಿ ನಗು. ಆಮೇಲೆ ಒಬ್ಬರು ಕೇಳುತ್ತಾರೆ: ‘ಕೂಸು ಬಂತು, ಆಕಿ ಯಾಕ ಇನ್ನೂ ಬರಲಿಲ್ಲ?’ ಅಲ್ಲಿಂದ ಆಕೆ ಹೊರಬರುವವರೆಗಿನ ಹೊತ್ತೇ ಇಡೀ ದಿನದ ಅತಿ ಕೆಟ್ಟ ಹೊತ್ತು. ಗಂಡ ಬಾಗಿಲ ಸಂದಿಯಲ್ಲಿ ಇಣುಕುತ್ತಾನೆ, ಯಾರಾದರೂ ಅವಸರದಿಂದ ಹೊರಗೆ ಬಂದರೆ ಅವರ ಮುಖ ಓದುತ್ತಾನೆ, ಒಳಗಿನಿಂದ ಖಾಲಿ ಟ್ರಾಲಿ ಬಂದರೆ ಎದೆ ಧಸಕ್ಕೆನ್ನುತ್ತದೆ. ಎಲ್ಲ ಕ್ರಮವಾಗಿ ನಡೆಯುತ್ತಿರುವಾಗಲೇ, ಕೇವಲ ಹೊಲಿಗೆ ಹಾಕುತ್ತಿರುವಾಗಲೇ, ಹೊರಗಿನವರು ಸಾವಿನ ಯೋಚನೆಯಲ್ಲಿರುತ್ತಾರೆ. ‘ಕೂಸು ಬಂದ ಮೇಲೂ ಒಂದು ತಾಸು ಹಿಡಿಯುತ್ತದೆ, ಆಮೇಲೆ ಒಂದೆರಡು ತಾಸು ಪಕ್ಕದ ಕೋಣೆಯಲ್ಲಿಟ್ಟು ನೋಡುತ್ತೇವೆ’ ಎಂಬ ಒಂದೇ ಮಾತು ಹಿಂದಿನ ದಿನ ಕಿವಿಗೆ ಬಿದ್ದಿದ್ದರೆ ಈ ಹೊತ್ತು ಬರಿಯ ಕಾಯುವಿಕೆಯಾಗುತ್ತಿತ್ತು.

ಬೆನ್ನಿನ ಇಂಜೆಕ್ಷನ್ ಬಗ್ಗೆಯೂ ಇಂಥದೇ ಕತೆ. ಅದರಿಂದ ಕಾಲು ಹೋಗುತ್ತವೆ, ಜೀವಮಾನವಿಡೀ ಬೆನ್ನುನೋವು ಉಳಿಯುತ್ತದೆ ಎಂಬ ಮಾತು ಪ್ರತಿ ವಾರ್ಡಿನಲ್ಲೂ ತಿರುಗುತ್ತದೆ, ಪೂರ್ತಿ ಅರಿವು ತಪ್ಪಿಸಿಯೇ ಮಾಡಿರಿ ಎಂದು ಒತ್ತಾಯಿಸುವ ಮನೆಯವರೂ ಇದ್ದಾರೆ. ಪ್ರಾಯದವರಲ್ಲಿ ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗಿನ ಸಂದಿಯಲ್ಲಿ. ದೀರ್ಘಕಾಲದ ಬೆನ್ನುನೋವಿಗೂ ಇದಕ್ಕೂ ಅಧ್ಯಯನಗಳಲ್ಲಿ ನಂಟು ಕಂಡಿಲ್ಲ. ಕೆಲವರಿಗೆ ಎದ್ದು ಕೂತಾಗ ಜೋರಾಗುವ ತಲೆನೋವು ಬರಬಹುದು, ಅದಕ್ಕೆ ಚಿಕಿತ್ಸೆಯಿದೆ. ವಾರ್ಡಿಗೆ ಬಂದ ಮೇಲೆ ಆಕೆ ಗಡಗಡ ನಡುಗಿದರೆ, ಕೆಲವು ತಾಸು ಕಾಲು ಅಲ್ಲಾಡಿಸಲಾಗದಿದ್ದರೆ ಅದು ಮದ್ದಿನ ಪರಿಣಾಮವೆಂದು ಮೊದಲೇ ಗೊತ್ತಿದ್ದ ತಾಯಿ ಕಂಬಳಿ ಹೊದಿಸುತ್ತಾಳೆ. ಗೊತ್ತಿಲ್ಲದ ತಾಯಿ ಕೂಗಾಡುತ್ತಾಳೆ.

ಕೂಸಿನ ಕಡೆಯಿಂದಲೂ ಒಂದು ಆಘಾತ ಬರಬಹುದು. ಹೆರಿಗೆ ನೋವಿಲ್ಲದೆ ಹುಟ್ಟಿದ ಕೂಸುಗಳಲ್ಲಿ ಕೆಲವಕ್ಕೆ ಪುಪ್ಪುಸದೊಳಗಿನ ನೀರು ಹೀರಿಕೊಳ್ಳಲು ತುಸು ತಡವಾಗಿ ಉಸಿರಾಟ ಜೋರಾಗುತ್ತದೆ. ಅದು ಬಹುತೇಕ ಒಂದೆರಡು ದಿನದಲ್ಲಿ, ತಪ್ಪಿದರೆ ಮೂರನೆಯ ದಿನಕ್ಕೆ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ ನವಜಾತ ಶಿಶು ಘಟಕದಲ್ಲಿಟ್ಟು ನೋಡಿಕೊಳ್ಳುತ್ತಾರೆ. ‘ಗಾಜಿನ ಪೆಟಗ್ಯಾಗ ಇಟ್ಟಾರ’ ಎಂಬ ಮಾತು ಊರು ಮುಟ್ಟುವ ಹೊತ್ತಿಗೆ ಏನೆಲ್ಲ ರೂಪ ಪಡೆದಿರುತ್ತದೆ ಎನ್ನುವುದನ್ನು ಈ ಕಡೆಯವರಿಗೆ ವಿವರಿಸಬೇಕಿಲ್ಲ.

ಇದೇ ಸಂಗತಿ ಮುಹೂರ್ತದ ಪ್ರಶ್ನೆಗೂ ಕೊಂಡಿಯಾಗುತ್ತದೆ. ತಾರೀಖು ನಾವೇ ಆರಿಸಬಹುದು ಎಂದಾದ ಮೇಲೆ ಪಂಚಾಂಗ ತೆಗೆಯುವುದು, ಅಮಾವಾಸ್ಯೆ ತಪ್ಪಿಸುವುದು, ನಕ್ಷತ್ರ ಕೇಳುವುದು ನಮ್ಮ ಊರುಗಳಲ್ಲಿ ಮಾಮೂಲಾಗಿದೆ. ಇದನ್ನು ನಗುವುದು ಸುಲಭ. ನನಗೆ ಅದು ಬೇರೆ ರೀತಿ ಕಾಣುತ್ತದೆ: ಇಡೀ ಪ್ರಸಂಗದಲ್ಲಿ ಮನೆಯವರ ಕೈಯಲ್ಲಿರುವ ಒಂದೇ ತೀರ್ಮಾನ ಅದು. ಉಳಿದದ್ದೆಲ್ಲ ವೈದ್ಯರ ಕೈಯಲ್ಲಿ, ದೇವರ ಕೈಯಲ್ಲಿ. 39 ವಾರ ತುಂಬಿದ ಮೇಲೆ, ತಾಯಿ-ಕೂಸು ಆರೋಗ್ಯವಾಗಿದ್ದು, ಮಂಗಳವಾರದ ಬದಲು ಬುಧವಾರ ಎಂದರೆ ವೈದ್ಯಕೀಯವಾಗಿ ಏನೂ ಕೆಡುವುದಿಲ್ಲ, ಮನೆಯವರ ಮನಸ್ಸಿಗೆ ಸಮಾಧಾನ ಸಿಗುತ್ತದೆ. ಕೆಡುವುದು, ಒಳ್ಳೆಯ ದಿನ ಮುಂಚೆಯೇ ಇದೆಯೆಂದು 37ನೆಯ ಅಥವಾ 38ನೆಯ ವಾರಕ್ಕೆ ಎಳೆದಾಗ. ಕಾರಣವಿಲ್ಲದೆ ಹೀಗೆ ಮುಂಚಿತವಾಗಿ ತೆಗೆದ ಕೂಸುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚು ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ. ಆತಂಕ ಕಳೆಯಲೆಂದು ಆರಿಸಿದ ದಿನವೇ ಗಾಜಿನ ಪೆಟ್ಟಿಗೆಯ ಆತಂಕ ತರುತ್ತದೆ. ‘ಈ ದಿನದಿಂದ ಈ ದಿನದೊಳಗೆ ನೀವೇ ಆರಿಸಿರಿ’ ಎಂದು ವೈದ್ಯರು ಗಡಿ ಹಾಕಿಕೊಟ್ಟರೆ ಎರಡೂ ಕಡೆಯ ಗೌರವ ಉಳಿಯುತ್ತದೆ.

ಹೊರಗಿನವರ ಭಯ ಹೊರಗೇ ಉಳಿದಿದ್ದರೆ ಆಸ್ಪತ್ರೆಗಳು ಅದನ್ನು ಅಲಕ್ಷಿಸಿದರೂ ನಡೆಯುತ್ತಿತ್ತೇನೋ. ಅದು ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ದಿನ ಗೊತ್ತುಮಾಡಿದ ಸಿಜೇರಿಯನ್ನಿಗೆ ಒಳಗಾದ ತಾಯಂದಿರನ್ನೂ ಅವರ ಜತೆಗಾರರನ್ನೂ ಒಟ್ಟಿಗೆ ಗಮನಿಸಿದ, 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಜತೆಗಾರರ ಭಯಕ್ಕೂ ತಾಯಿಯ ಭಯಕ್ಕೂ ನಂಟಿದೆ ಎಂದು ಕಂಡಿತ್ತು. ಇಲ್ಲಿ ಅದನ್ನು ಕಾಣಲು ಅಧ್ಯಯನವೇ ಬೇಕಿಲ್ಲ. ಹಿಂದಿನ ರಾತ್ರಿ ನೋಡಲು ಬಂದವರು ಹಾಸಿಗೆಯ ಪಕ್ಕದಲ್ಲೇ ಯಾರದೋ ಮನೆಯ ಕೆಟ್ಟ ಪ್ರಸಂಗ ಹೇಳುತ್ತಾರೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಮಗಳು ನೋಡುತ್ತಾಳೆ. ಗಂಡ ನಗಲು ನೋಡಿ ನಗಲಾರದೆ ಹೊರಗೆ ಹೋಗುತ್ತಾನೆ. ಮರುದಿನ ಕೊಯ್ಯಿಸಿಕೊಳ್ಳಬೇಕಾದವಳು ಇವರಿಗೆಲ್ಲ ಸಮಾಧಾನ ಹೇಳಬೇಕಾದ ಪ್ರಸಂಗ. ಘನ ಆಹಾರ ಆರು ತಾಸು ಮುಂಚೆ ನಿಲ್ಲಿಸಿದರೆ ಸಾಕಾಗುವ ಕಡೆ, ಹೆದರಿದ ಮನೆಯವರು ಹಿಂದಿನ ಸಂಜೆಯಿಂದಲೇ ನೀರನ್ನೂ ಬಿಡಿಸಿ ಆಕೆಯನ್ನು ಇನ್ನಷ್ಟು ಸೋಲಿಸಿರುತ್ತಾರೆ. ಬರಿಯ ನೀರಿಗೆ ಸಾಮಾನ್ಯವಾಗಿ ಎರಡು ತಾಸಿನ ತಡೆ ಸಾಕು ಎಂದು ಅವರಿಗೆ ಯಾರು ಹೇಳಬೇಕು?

ಅದಕ್ಕೇ, ಜತೆಗೆ ಯಾರಿರಬೇಕು ಎಂಬುದನ್ನು ಬಸುರಿಯನ್ನೇ ಕೇಳಬೇಕು. ನೆಂಟಸ್ತಿಕೆಯ ಸರದಿಯಲ್ಲಿ ಮುಂದಿರುವವರೇ ಧೈರ್ಯವಂತರೂ ಆಗಿರುತ್ತಾರೆಂದಿಲ್ಲ. ಎಷ್ಟೋ ಸಲ ತಾಯಿಗಿಂತ ಅಕ್ಕ, ಅತ್ತೆಗಿಂತ ನಾದಿನಿ, ಒಮ್ಮೊಮ್ಮೆ ಒಂಬತ್ತು ತಿಂಗಳೂ ಮನೆಗೆ ಬಂದು ಹೋದ ಆಶಾ ಕಾರ್ಯಕರ್ತೆಯೇ ಆಕೆಗೆ ಬೇಕಾದವರಾಗಿರಬಹುದು.

ಈ ಆತಂಕದ ಬಹುಪಾಲು ತಾಯಿ-ಕೂಸು ಸುಖವಾಗಿ ವಾರ್ಡಿಗೆ ಬಂದ ಕೂಡಲೇ ಇಳಿದುಹೋಗುತ್ತದೆ. ಇಳಿಯದಿದ್ದಾಗ ಗಮನ ಕೊಡಬೇಕು: ವಾರಗಟ್ಟಲೆ ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು, ಕೂಸನ್ನು ಎತ್ತಿಕೊಳ್ಳಲೂ ಹೆದರುವುದು, ಕುಡಿತ ಹೆಚ್ಚುವುದು. ಹೆರಿಗೆಯ ಆಸುಪಾಸಿನಲ್ಲಿ ತಂದೆಯರಲ್ಲಿಯೂ ಹತ್ತಕ್ಕೆ ಒಬ್ಬರಿಗೆ ಖಿನ್ನತೆ ಕಾಣುತ್ತದೆ ಎಂದು 2010ರ ಒಂದು ಒಟ್ಟು ವಿಶ್ಲೇಷಣೆ ಹೇಳಿತ್ತು. ಗಂಡಸು ಇದನ್ನು ಹೇಳಿಕೊಂಡರೆ ‘ಹಡದಾಕಿ ನೀ ಏನೋ?’ ಎಂಬ ನಗು ಕಾದಿರುತ್ತದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಜತೆಗಾರರನ್ನು ಆಪರೇಷನ್ ಕೋಣೆಯ ಒಳಗೇ ಬಿಡಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಬೆನ್ನಿನ ಇಂಜೆಕ್ಷನ್ ಕೊಟ್ಟು ಮಾಡುವ ಸಿಜೇರಿಯನ್ನಿಗೆ ಒಬ್ಬ ಜತೆಗಾರ ಪರದೆಯ ಹಿಂದೆ, ತಾಯಿಯ ತಲೆಯ ಪಕ್ಕ ಕೂರುವುದು ರೂಢಿ. ಪೂರ್ತಿ ಅರಿವು ತಪ್ಪಿಸಬೇಕಾದಾಗ ಮಾತ್ರ ಹೊರಗೆ ಕಳಿಸುತ್ತಾರೆ. ನಮ್ಮಲ್ಲಿಯೂ ಕೆಲವು ಖಾಸಗಿ ಆಸ್ಪತ್ರೆಗಳು ಇದಕ್ಕೆ ಒಪ್ಪುತ್ತವೆ. ಇದು ಒಳ್ಳೆಯದೇ, ಆದರೆ ಒಂದೇ ಬೆಳಗಿನಲ್ಲಿ ಒಂದರ ಹಿಂದೊಂದು ಶಸ್ತ್ರಕ್ರಿಯೆ ನಡೆಯುವ, ಸುತ್ತಲಿನ ಹಲವು ಜಿಲ್ಲೆಗಳ ರೋಗಿಗಳು ಬಂದು ಸೇರುವ ಹುಬ್ಬಳ್ಳಿಯಂಥ ಊರಿನ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನೇ ಮೊದಲ ಬೇಡಿಕೆಯಾಗಿಡುವುದು ನನಗೆ ವಿವೇಕವೆನಿಸುವುದಿಲ್ಲ. ಜಾಗ ಸಾಲದು, ಸೋಂಕಿನ ಪ್ರಶ್ನೆಯಿದೆ, ರಕ್ತ ಕಂಡು ತಲೆತಿರುಗಿ ಬಿದ್ದ ಗಂಡನನ್ನು ನೋಡಿಕೊಳ್ಳಲು ಹೆಚ್ಚಿನ ಕೈಗಳೂ ಇರುವುದಿಲ್ಲ.

ಅದಕ್ಕಿಂತ ಮೊದಲು ಆಗಬಹುದಾದದ್ದು, ಹೆಚ್ಚು ಖರ್ಚಿಲ್ಲದ್ದು ಬೇರೆ ಇದೆ. ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಗರ್ಭಿಣಿಯರು ಹೇಗೂ ಬರುತ್ತಾರೆ, ಜತೆಗೊಬ್ಬರು ಬಂದೇ ಇರುತ್ತಾರೆ. ಸಿಜೇರಿಯನ್ ತಾರೀಖು ಕೊಟ್ಟವರ ಮನೆಯವರನ್ನು ಅಂದು ಒಂದು ಕಡೆ ಕೂರಿಸಿ, ಮೇಲೆ ಹೇಳಿದ ವೇಳಾಪಟ್ಟಿ, ಇಂಜೆಕ್ಷನ್, ರಕ್ತ, ಸಮ್ಮತಿ, ಊಟ-ನೀರಿನ ಮಾತುಗಳನ್ನು ಒಬ್ಬ ಅನುಭವಿ ನರ್ಸ್ ಅರ್ಧ ತಾಸಿನಲ್ಲಿ ಈ ಕಡೆಯ ಮಾತಿನಲ್ಲೇ ಹೇಳಬಹುದು. ಗಂಡ ದೂರದೂರಿನಲ್ಲಿದ್ದರೆ ಫೋನಿನಲ್ಲಿ ಕೇಳಿಸಿಕೊಳ್ಳಲಿ. ಶಸ್ತ್ರಕ್ರಿಯೆಯ ದಿನ ಒಳಗಿನಿಂದ ಒಬ್ಬರು ಮೂರು ಸಲ ಬಾಗಿಲಿಗೆ ಬರಬೇಕು: ಬೆನ್ನಿನ ಇಂಜೆಕ್ಷನ್ ಆಯಿತು, ಈಗ ಶುರು ಮಾಡುತ್ತೇವೆ ಎನ್ನಲು ಒಮ್ಮೆ, ಕೂಸನ್ನು ತೋರಿಸಿ, ತಾಯಿ ಮಾತಾಡುತ್ತಿದ್ದಾಳೆ, ಹೊಲಿಗೆಗೆ ಇನ್ನೂ ಮುಕ್ಕಾಲು ತಾಸು ಬೇಕು ಎನ್ನಲು ಒಮ್ಮೆ, ಹೊಲಿಗೆ ಮುಗಿಯಿತು ಎನ್ನಲು ಮತ್ತೊಮ್ಮೆ. ಈಗ ಕೂಸು ತೋರಿಸಲೆಂದು ಬಾಗಿಲಿಗೆ ಬರುವವರು ಹೆಚ್ಚಿನ ಕಡೆ ಗಂಡೋ ಹೆಣ್ಣೋ ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ, ಚಹಾಕ್ಕೆಂದು ಕೈ ಚಾಚುವವರೂ ಇದ್ದಾರೆ. ತಾಯಿ ಹೇಗಿದ್ದಾಳೆ ಎಂಬ ಮಾತನ್ನು ಅವರಿಂದಲೇ, ಕೇಳುವ ಮುಂಚೆಯೇ ಹೇಳಿಸುವುದಕ್ಕೆ ಹೊಸ ಹುದ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ, ಹೆರಿಗೆ ವಿಭಾಗದ ಮುಖ್ಯಸ್ಥರ ಒಂದು ಲಿಖಿತ ಆದೇಶ ಸಾಕು.